ಕೌಂಟಿಯಿಂದ ಲಕೋಟೆ ಬಂತೇ? ಮೂವತ್ತು ದಿನ ಎಣಿಸಿ

ಮಗುವಿನ ಮೇಲಿನ ದೌರ್ಜನ್ಯದ ದೂರಿನ ಬಗ್ಗೆ ಕೌಂಟಿಯವರು ತನಿಖೆ ಮಾಡಿ ಹೋದರು; ಪೊಲೀಸರು ಬರಲಿಲ್ಲ, ಕೋರ್ಟಿಗೂ ಕರೆಯಲಿಲ್ಲ, ಸದ್ಯ ಮುಗಿಯಿತು ಅಂದುಕೊಂಡಿರುತ್ತೀರಿ. ಆಗ ಬರುತ್ತದೆ ಎಸ್‌ಒಸಿ 832 ಎಂಬ ನಮೂನೆ. ಕ್ಯಾಲಿಫೋರ್ನಿಯದಲ್ಲಿರುವ ಕನ್ನಡ ಕುಟುಂಬಗಳು ಇದನ್ನು ಬಿಲ್ಲುಗಳ ರಾಶಿಗೆ ಸೇರಿಸಬಾರದು. ಮಕ್ಕಳ ಮೇಲಿನ ದೌರ್ಜನ್ಯದ ಕೇಂದ್ರ ಪಟ್ಟಿಗೆ ನಿಮ್ಮ ಹೆಸರು ಹೋಗಿದೆ ಎಂದು ತಿಳಿಸುವ ಪತ್ರ ಅದು.

ಈ ಪಟ್ಟಿ ಶುರುವಾದದ್ದು 1965ರಲ್ಲಿ. ಇಟ್ಟುಕೊಂಡಿರುವುದು ರಾಜ್ಯದ ನ್ಯಾಯ ಇಲಾಖೆ. ಹೆಸರು ಸೇರಿದ ಮಾತ್ರಕ್ಕೆ ಶಿಕ್ಷೆಯಾದಂತಲ್ಲ. ಆದರೆ ಡೇಕೇರ್ ಲೈಸೆನ್ಸ್, ದತ್ತು, ಸಾಕುಪಾಲನೆ ಎಂದಾಗಲೆಲ್ಲ ಅಧಿಕಾರಿಗಳು ಇದನ್ನು ತೆರೆದು ನೋಡುತ್ತಾರೆ.

ಮೊದಲು ಪತ್ರದ ತಾರೀಕು ನೋಡಿ. ಆಕ್ಷೇಪಣೆಗೆ ಇರುವುದು 30 ದಿನ, ಶನಿವಾರ ಭಾನುವಾರವೂ ಸೇರಿ. ಗಡುವು ದಾಟಿದರೆ ಹಕ್ಕು ಬಿಟ್ಟುಕೊಟ್ಟಂತೆ. ಮನೆ ಬದಲಿಸಿದ್ದರೆ ಕೌಂಟಿಗೆ ಹೊಸ ವಿಳಾಸ ಕೊಟ್ಟಿರಿ; ಪತ್ರ ಹಳೇ ಮನೆಗೆ ಹೋಯಿತು ಎಂಬ ಸಬೂಬನ್ನು ನಂಬಿ ಕೂರಬೇಡಿ.

ಆಮೇಲೆ ಆರೋಪ ಯಾವುದು ಎಂದು ಓದಿ. ಸಾಮಾನ್ಯ ನಿರ್ಲಕ್ಷ್ಯ ಈ ಪಟ್ಟಿಗೆ ಸೇರುವಂತಿಲ್ಲ, ತೀವ್ರ ನಿರ್ಲಕ್ಷ್ಯ ಸೇರುತ್ತದೆ. 2012ರಿಂದೀಚೆಗೆ, ಆರೋಪ ನಿಜವಿರುವ ಸಂಭವವೇ ಹೆಚ್ಚು ಎಂದು ಕಂಡುಬಂದ ಪ್ರಕರಣಗಳಿಗೆ ಮಾತ್ರ ಜಾಗ. ‘ಇತ್ಯರ್ಥವಾಗದ್ದು’ ಎಂದಾದರೆ ಹೆಸರು ಹೋಗಕೂಡದು.

ಎಸ್‌ಒಸಿ 834 ನಮೂನೆ ತುಂಬಿ ವಿಚಾರಣೆ ಕೇಳಿ. ಪ್ರತಿ ಇಟ್ಟುಕೊಳ್ಳಿ, ತಲುಪಿದ್ದಕ್ಕೆ ರಸೀದಿ ಪಡೆಯಿರಿ. ಕೌಂಟಿಯ ದಾಖಲೆಗಳನ್ನು ಮುಂಚಿತವಾಗಿಯೇ ನೋಡಲು ಅವಕಾಶವಿದೆ. ಶಾಲೆಯವರ, ವೈದ್ಯರ ಕಾಗದಗಳಿದ್ದರೆ ಜೋಡಿಸಿಕೊಳ್ಳಿ. ವಿಚಾರಣೆಯಲ್ಲಿ ಮೊದಲು ಸಾಕ್ಷ್ಯ ಮುಂದಿಡಬೇಕಾದದ್ದು ಕೌಂಟಿ. ವಕೀಲರನ್ನು ಕರೆದೊಯ್ಯಬಹುದು, ಕರೆದೊಯ್ಯುವುದೇ ವಾಸಿ. ಕೋರ್ಟಿನಲ್ಲಿ ಇದೇ ವಿಷಯದ ಪ್ರಕರಣ ಬಾಕಿಯಿದ್ದರೆ ಅದು ಮುಗಿಯುವ ತನಕ ಈ ವಿಚಾರಣೆ ಇಲ್ಲ; ದೌರ್ಜನ್ಯ ನಡೆದಿದೆ ಎಂದು ಕೋರ್ಟೇ ತೀರ್ಮಾನಿಸಿದ್ದರೆ ಆ ಬಾಗಿಲು ಮುಚ್ಚಿದಂತೆಯೇ.

ಇಷ್ಟೂ ದಾರಿ ಪುಕ್ಕಟೆ ಸಿಕ್ಕಿದ್ದಲ್ಲ. ದೌರ್ಜನ್ಯದ ಆರೋಪ ಹೊತ್ತಿದ್ದ ಹಂಫ್ರೀಸ್ ದಂಪತಿ ನಿರ್ದೋಷಿಗಳೆಂದು ಕೋರ್ಟು ಹೇಳಿದ ಮೇಲೂ ಅವರ ಹೆಸರು ಪಟ್ಟಿಯಲ್ಲೇ ಉಳಿದಿತ್ತು, ಅಳಿಸಲು ಸರಿಯಾದ ವಿಧಾನವೇ ಇರಲಿಲ್ಲ. ಅದು ಸಂವಿಧಾನಕ್ಕೆ ವಿರುದ್ಧ ಎಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ 2008ರಲ್ಲಿ ಹೇಳಿತು.

ವಿಚಾರಣೆಯಲ್ಲಿ ಸೋತರೆ ಸುಪೀರಿಯರ್ ಕೋರ್ಟಿಗೆ ರಿಟ್ ಹಾಕಬಹುದು. ಪತ್ರವೇ ಬಂದಿಲ್ಲ, ಆದರೂ ಅನುಮಾನ ಎನ್ನುವವರು ನೋಟರಿ ಮಾಡಿಸಿದ ಅರ್ಜಿಯನ್ನು ನ್ಯಾಯ ಇಲಾಖೆಗೆ ಕಳಿಸಿದರೆ, ಪಟ್ಟಿಯಲ್ಲಿ ಹೆಸರಿದೆಯೇ ಇಲ್ಲವೇ ಎಂದು ಉತ್ತರ ಬರುತ್ತದೆ.