ಊರ ಪಾಠ: ಇಳಕಲ್ಲು

“ನಿಮ್ಮದು ಯಾವ ಊರು?” ಎಂದು ಇಲ್ಲಿ ಯಾರಾದರೂ ಕೇಳಿದರೆ ನಾವು ಜಿಲ್ಲೆಯ ಹೆಸರು ಹೇಳಿ ಸುಮ್ಮನಾಗುತ್ತೇವೆ. ಊರಿನ ಹೆಸರು ಹೇಳಿದರೂ ಅವರಿಗೆ ತಿಳಿಯಲಿಕ್ಕಿಲ್ಲವೆಂಬ ಸಂಕೋಚ. ಇಳಕಲ್ಲಿನವರಿಗೆ ಈ ಕಷ್ಟವಿಲ್ಲ. ಸೀರೆಯ ದೆಸೆಯಿಂದ ಆ ಹೆಸರು ಎಲ್ಲರಿಗೂ ಗೊತ್ತು. ಆದರೆ ಹೆಸರು ಬಲ್ಲವರೆಲ್ಲ ಊರನ್ನು ಬಲ್ಲರೇ? ವಾಚಕ ಬಂಧುಗಳೇ, ಈ ಸಲದ ಪಾಠದಲ್ಲಿ ಅದನ್ನು ನೋಡೋಣ.

ನೆಲ: ಇಳಕಲ್ಲು ಬಾಗಲಕೋಟೆ ಜಿಲ್ಲೆಯ ಆಗ್ನೇಯ ಅಂಚಿನಲ್ಲಿದೆ. ಉತ್ತರಕ್ಕೆ ಕೂಡಲಸಂಗಮ, ಅಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುತ್ತದೆ. ಸುತ್ತಲಿನ ಸೀಮೆಯಲ್ಲಿ ಮಳೆ ಕಡಿಮೆ, ಜೋಳವೇ ಮುಖ್ಯ ಆಹಾರ. ಇಲ್ಲಿಯ ಕೆಂಪು ಗ್ರಾನೈಟ್ ಕಲ್ಲಿಗೂ ದೂರದ ಊರುಗಳಲ್ಲಿ ಬೇಡಿಕೆಯುಂಟು. ಮಳೆಯನ್ನೇ ನಂಬಿ ಬಾಳುವುದು ಕಷ್ಟವಾದ ಕಡೆ ಮಗ್ಗವು ಮನೆಗೆ ಆಸರೆಯಾಗುವುದು ಸಹಜ.

ಚರಿತ್ರೆ: 1956ರವರೆಗೆ ಈ ಊರು ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಯಲ್ಲಿತ್ತು. ನೆರೆಯ ಕುಷ್ಟಗಿ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಮಾತು ಒಂದೇ, ಸರಕಾರ ಮಾತ್ರ ಎರಡು. 1956ರ ನವೆಂಬರ್ 1ರಂದು ಎರಡೂ ಒಂದೇ ರಾಜ್ಯಕ್ಕೆ ಸೇರಿದವು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ಬಹುಕಾಲ ಹುನಗುಂದ ತಾಲ್ಲೂಕಿಗೆ ಸೇರಿದ್ದ ಇಳಕಲ್ಲು ಈಗ ತಾನೇ ತಾಲ್ಲೂಕಿನ ಕೇಂದ್ರ.

ಕಸುಬು: ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿಯದಾದರೂ ಸೆರಗು ರೇಷ್ಮೆಯದು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಗಿರಣಿಯಲ್ಲಿ ಉದ್ದನೆಯ ಹಾಸು ಸುತ್ತಿ ಥಾನುಗಟ್ಟಲೆ ನೇಯುವ ಹಾಗೆ ಇಲ್ಲಿ ನಡೆಯದು. ಆರು ಗಜವಿರಲಿ, ಒಂಬತ್ತು ಗಜವಿರಲಿ, ಪ್ರತಿ ಸೀರೆಗೂ ಹಾಸನ್ನು ಬೇರೆಯಾಗಿಯೇ ಹೂಡಬೇಕು. ಸೆರಗಿನ ಕೆಂಪಿನಲ್ಲಿ ಬಿಳಿಯಾಗಿ ಮೂಡುವ ಆಕಾರಗಳಲ್ಲಿ ಬಾಚಣಿಗೆಯುಂಟು, ಕೋಟೆಯ ಗೋಡೆಯುಂಟು, ಜೋಳದ ತೆನೆಯೂ ಉಂಟು. ಹೊಲದ ಬೆಳೆಯೇ ಸೆರಗಿಗೆ ಬಂದಿದೆ. ಈ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ.

ಜನ: 2001ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ 51,956. 2011ರಲ್ಲಿ 60,242. ಹತ್ತು ವರ್ಷಗಳಲ್ಲಿ 8,286 ಜನ ಹೆಚ್ಚಿದರು, ಎಂದರೆ ನೂರಕ್ಕೆ ಸುಮಾರು 16.

ಲೆಕ್ಕ ಬರೆಯುವ ನಮಗೆ ಇಲ್ಲೊಂದು ಮಾತು ತೋಚುತ್ತದೆ. ಗಿರಣಿಯ ಹಾಜರಿ ಪುಸ್ತಕದಲ್ಲಿ ದುಡಿದ ಪ್ರತಿಯೊಬ್ಬರಿಗೂ ಒಂದು ಸಾಲಿರುತ್ತದೆ. ಕೈಮಗ್ಗದ ಮನೆಯಲ್ಲಿ ಹಾಗಿಲ್ಲ. ಮಜೂರಿ ಬರುವುದು ಸೀರೆಯ ಲೆಕ್ಕದಲ್ಲಿ, ಸಾಮಾನ್ಯವಾಗಿ ಒಬ್ಬರ ಹೆಸರಿಗೆ. ಕಂಡಿಕೆ ಸುತ್ತಿದ ಹೆಂಡತಿ, ಎಳೆ ಕೂಡಿಸಿದ ಮಗಳು, ನೂಲು ಬಿಡಿಸಿಕೊಟ್ಟ ಮುದುಕಿ ತಾಯಿ, ಇವರಿಗೆ ಬೇರೆ ಸಾಲಿಲ್ಲ. ಮನೆಯ ಹುಡುಗನೊಬ್ಬ ಪಟ್ಟಣ ಸೇರಿದಾಗ ಮಗ್ಗದಿಂದ ಒಂದು ಜೊತೆ ಕೈ ಹೋಯಿತೆಂದು ನಾವು ಎಣಿಸುತ್ತೇವೆ. ಆದರೆ ನೇಯುವವನು ಎದ್ದುಹೋದರೆ ಕಂಡಿಕೆ ಸುತ್ತುವ ಕೈಗೂ ಕೆಲಸವಿಲ್ಲ. ವಿದ್ಯುತ್ ಮಗ್ಗದ ಅಗ್ಗದ ಸೀರೆಗಳು ಬಂದ ಮೇಲಂತೂ ಈ ಮನೆಗಳ ಪಾಡು ಬಿಗಿಯಾಗಿದೆ.

ಆದುದರಿಂದ ಮದುವೆಗೋ ಹಬ್ಬಕ್ಕೋ ಇಳಕಲ್ ಸೀರೆ ಕೊಳ್ಳುವಾಗ ಬೆಲೆ ಕೇಳುವ ಮುಂಚೆ ಮೈಯೂ ಸೆರಗೂ ಕೂಡುವ ಜಾಗವನ್ನು ಬಿಡಿಸಿ ನೋಡಿರಿ. ಕೊಂಡಿ ಹಾಕಿ ಕೂಡಿಸಿದ ಗುರುತು ಅಲ್ಲಿ ಕಾಣಬೇಕು. ಲೆಕ್ಕದ ಪುಸ್ತಕದಲ್ಲಿ ಇಲ್ಲದ ಕೈಗಳ ರುಜು ಅದೇ.

ಅಭ್ಯಾಸ:
1. 1956ಕ್ಕೆ ಮುಂಚೆ ನಿಮ್ಮ ಊರು ಯಾವ ರಾಜ್ಯದಲ್ಲಿತ್ತು?
2. ಊರಿನ ನೀರು ಎಲ್ಲಿಂದ ಬರುತ್ತದೆ? ಮುಖ್ಯ ಬೆಳೆ ಯಾವುದು?
3. ನಿಮ್ಮ ಮನೆಯಲ್ಲಿ ದುಡಿದೂ ಲೆಕ್ಕಕ್ಕೆ ಸೇರದವರು ಯಾರು?

ಉತ್ತರಗಳನ್ನು ಒಂದು ಪುಟದಲ್ಲಿ ಬರೆದು ವಾಚನಾಲಯದಲ್ಲಿ ಕೊಡಿರಿ. ತಿಳಿಯದ ಸಂಗತಿಯಿದ್ದರೆ ಊರಿಗೆ ಕಾಗದ ಬರೆದು ಕೇಳಿರಿ; ಮನೆಯವರಿಗೆ ಆ ನೆಪದಲ್ಲಾದರೂ ನಿಮ್ಮ ಕಾಗದ ಸೇರಲಿ.