ಕಂಡದ್ದನ್ನು ಬಾಯಿಬಿಟ್ಟು ಹೇಳು

ಪ್ರೀತಿಯ ಮಗಳೇ,

ನಿನ್ನಮ್ಮ ಮೊನ್ನೆ ಫೋನ್ ಮಾಡಿದ್ದಳು. "ಕೆಲಸಕ್ಕೆ ಸೇರಿ ಇನ್ನೂ ಮೂರು ತಿಂಗಳಾಗಿಲ್ಲ, ಬಿಟ್ಟು ಬರ್ತೀನಿ ಅಂತ ಅಳ್ತಾಳೆ. ನೀನಾದ್ರೂ ಬುದ್ಧಿ ಹೇಳು" ಅಂದಳು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಪಿ.ಜಿ.ಯಲ್ಲಿರುವ ಹುಡುಗಿಯರಿಗೂ ಓದಲು ಕೊಡು. ಜಿ.ಎನ್.ಎಂ., ಬಿ.ಎಸ್ಸಿ. ಮುಗಿಸಿ ಈ ವರ್ಷ ವಾರ್ಡಿಗೆ ಕಾಲಿಟ್ಟ ಮಕ್ಕಳ ಸಂಕಟವೆಲ್ಲ ಹೆಚ್ಚುಕಡಿಮೆ ಒಂದೇ.

ಕಾಲೇಜಿನಲ್ಲಿ ಒಬ್ಬ ರೋಗಿಯನ್ನು ಇಟ್ಟುಕೊಂಡು ಕೇರ್ ಪ್ಲಾನ್ ಬರೆಯಲು ನಿಮಗೆ ದಿನವಿಡೀ ಸಮಯ ಕೊಟ್ಟಿದ್ದರು. ಇಲ್ಲಿ ರಾತ್ರಿಪಾಳಿಗೆ ಇಬ್ಬರೇ. ಒಂದು ಕಡೆ ಡ್ರಿಪ್ ನಿಂತಿದೆ, ಇನ್ನೊಂದು ಕಡೆ ಬೆಡ್‌ಪ್ಯಾನ್ ಬೇಕು, ಕ್ಯಾಶುವಾಲ್ಟಿಯಿಂದ ಹೊಸ ಅಡ್ಮಿಷನ್ ಬಂತು, ರೋಗಿಯ ಕಡೆಯವರು ಕೌಂಟರಿಗೆ ಬಂದು ಕೂಗಾಡುತ್ತಿದ್ದಾರೆ. ಕಲಿತ ಹಾಗೆ ಮಾಡಲು ಆಗುತ್ತಿಲ್ಲ ಎಂಬ ನೋವೇ ನಿನ್ನನ್ನು ಅಳಿಸುತ್ತಿದೆ ಅಂತ ನನಗೆ ಗೊತ್ತು. ಅಮೆರಿಕದ ನರ್ಸ್ ಮಾರ್ಲೀನ್ ಕ್ರೇಮರ್ 1974ರಲ್ಲೇ ಈ ಆಘಾತದ ಬಗ್ಗೆ 'ರಿಯಾಲಿಟಿ ಶಾಕ್' ಎಂಬ ಪುಸ್ತಕ ಬರೆದರು. ಹತ್ತು ವರ್ಷದ ನಂತರ ಪೆಟ್ರೀಷಿಯಾ ಬೆನ್ನರ್ ಎಂಬುವರು ನರ್ಸ್ ಒಬ್ಬಳು ಬೆಳೆಯುವ ಐದು ಹಂತಗಳನ್ನು ವಿವರಿಸಿದರು. ಒಂದೇ ಬಗೆಯ ವಾರ್ಡಿನಲ್ಲಿ ಎರಡು ಮೂರು ವರ್ಷ ದುಡಿದ ಮೇಲೆ ಮೂರನೇ ಹಂತ, ಅಂದರೆ ಕೆಲಸ ಕೈಗೆ ಹತ್ತಿತು ಅನ್ನುವ ಹಂತ. ನೀನು ಮೂರೇ ತಿಂಗಳಿಗೆ ನಿನ್ನ ಇನ್‌ಚಾರ್ಜ್ ಸಿಸ್ಟರ್ ಥರ ಆಗಲಿಲ್ಲವೆಂದು ಕೊರಗುತ್ತಿದ್ದೀಯ. ಆ ಕೊರಗನ್ನು ಇವತ್ತೇ ಬಿಡು.

ಬೇರೆ ಏನನ್ನೂ ಮಾಡಲು ಬಿಡುವಿಲ್ಲದ ದಿನವೂ ಬಿಡಬಾರದ ಒಂದು ಕೆಲಸ ಇದೆ. ರೋಗಿಯನ್ನು ಕಣ್ಣಾರೆ ನೋಡುವುದು, ಕಂಡದ್ದನ್ನು ಹೇಳುವುದು. ಉಸಿರನ್ನೇ ತಗೋ. ಎಷ್ಟೋ ಟಿ.ಪಿ.ಆರ್. ಚಾರ್ಟುಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಉಸಿರು 20, 20, 20 ಅಂತಲೇ ಇರುತ್ತದೆ. ಮೂವತ್ತು ರೋಗಿಗಳೂ ಒಂದೇ ಲೆಕ್ಕದಲ್ಲಿ ಉಸಿರಾಡುತ್ತಾರೆಯೇ? ಬಿ.ಪಿ.ಗೆ ಯಂತ್ರ ಇದೆ, ಸ್ಯಾಚುರೇಷನ್‌ಗೆ ಬೆರಳಿಗೆ ಸಿಕ್ಕಿಸುವ ಪ್ರೋಬ್ ಇದೆ, ಉಸಿರು ಎಣಿಸಲು ಮಾತ್ರ ಮನುಷ್ಯರೇ ನಿಲ್ಲಬೇಕು, ಅದಕ್ಕೇ ಅದನ್ನು ಹಾರಿಸುತ್ತಾರೆ. ಆದರೆ ರೋಗಿ ಕೆಡುವಾಗ ಬಹಳ ಸಲ ಮೊದಲು ಏರುವುದು ಉಸಿರೇ, ಬಿ.ಪಿ. ಬೀಳುವುದು ಆಮೇಲೆ. ನಾಡಿ ಹಿಡಿದವಳಂತೆ ಮಣಿಕಟ್ಟಿನ ಮೇಲೆ ಕೈಯಿಟ್ಟು, ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸು. ಎಣಿಸುತ್ತಿದ್ದೀಯ ಅಂತ ರೋಗಿಗೆ ತಿಳಿದರೆ ಉಸಿರಾಟವೇ ಬದಲಾಗುತ್ತದೆ. ಎಣಿಸಿದ್ದನ್ನೇ ಬರೆ.

ಎಣಿಸಿ ಸುಮ್ಮನಿದ್ದರೂ ಆಗದು. ರಾತ್ರಿ ಮೂರು ಗಂಟೆಗೆ ಡ್ಯೂಟಿ ಡಾಕ್ಟರನ್ನು ಎಬ್ಬಿಸಲು ಹೊಸಬರು ಹೆದರುತ್ತಾರೆ. ಎಬ್ಬಿಸಿ, "ಸರ್, ಪೇಷಂಟ್ ಯಾಕೋ ಸರಿ ಇಲ್ಲ" ಎಂದರೆ ಆ ಕಡೆಯಿಂದ ಬೈಗುಳವೇ ಬರಬಹುದು. ಹೀಗೆ ಹೇಳು: "ಸರ್, ಫೀಮೇಲ್ ಮೆಡಿಕಲ್ ವಾರ್ಡಿನ ಸ್ಟಾಫ್ ನರ್ಸ್ ಮಾತಾಡ್ತಿದೀನಿ. ಎಂಟನೇ ಬೆಡ್, ನ್ಯುಮೋನಿಯಾ, ಎರಡನೇ ದಿನ. ಹತ್ತು ಗಂಟೆಗೆ ಉಸಿರು 22 ಇತ್ತು, ಈಗ 32. ಆಕ್ಸಿಜನ್ ಕೊಟ್ಟೂ ಸ್ಯಾಚುರೇಷನ್ 89. ಬಿ.ಪಿ. 90/60. ಮಾತು ತೊದಲ್ತಿದೆ. ನೀವು ಈಗಲೇ ಬಂದು ನೋಡಬೇಕು." ಕರೆ ಮಾಡುವ ಮುಂಚೆ ಇದನ್ನು ಒಂದು ಚೀಟಿಯಲ್ಲಿ ಗೀಚಿಕೋ. ಕೊನೆಯ ವಾಕ್ಯವನ್ನು ನುಂಗಬೇಡ. ನಿನಗೆ ಏನು ಬೇಕು ಅಂತ ನೀನೇ ಕೇಳಬೇಕು. ಅವರು ಬರದಿದ್ದರೆ ಸೀನಿಯರಿಗೆ, ಅವರೂ ಸಿಗದಿದ್ದರೆ ನೈಟ್ ಸೂಪರ್‌ವೈಸರಿಗೆ ಕರೆ ಮಾಡು. ಯಾರಿಗೆ, ಎಷ್ಟು ಗಂಟೆಗೆ, ಏನು ಹೇಳಿದೆ ಅಂತ ನರ್ಸಸ್ ನೋಟ್ಸ್‌ನಲ್ಲಿ ಬರೆದಿಡು. ನಾಳೆ ಗಲಾಟೆಯಾದರೆ ನಿನ್ನ ಪರವಾಗಿ ಮಾತಾಡುವುದು ಆ ನಾಲ್ಕು ಸಾಲು ಮಾತ್ರ.

ಪ್ರತಿವರ್ಷ ಮೇ 12ಕ್ಕೆ ನಾವು ದೀಪ ಹಚ್ಚಿ ನೈಟಿಂಗೇಲ್ ಪ್ರತಿಜ್ಞೆ ಹೇಳುತ್ತೇವೆ. ದೀಪ ಹಿಡಿದ ಕರುಣಾಮಯಿಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಹೆಚ್ಚು ಇಷ್ಟ ಲೆಕ್ಕ ಇಟ್ಟ ನೈಟಿಂಗೇಲ್. 1854ರಲ್ಲಿ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಹೋದ ಆಕೆ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ರೋಗದಿಂದ ಸಾಯುತ್ತಿರುವುದನ್ನು ಕಂಡರು. ಅಂಕಿಗಳನ್ನು ಕಲೆಹಾಕಿ, 1858ರಲ್ಲಿ ಬಣ್ಣದ ನಕ್ಷೆ ಮಾಡಿ, ಇಂಗ್ಲೆಂಡಿನ ಅಧಿಕಾರಸ್ಥರ ಮುಂದಿಟ್ಟರು. ಅದೇ ವರ್ಷ ಅಲ್ಲಿನ ಸಂಖ್ಯಾಶಾಸ್ತ್ರ ಸಂಘ ಒಬ್ಬ ಮಹಿಳೆಯನ್ನು ಮೊದಲ ಸಲ ಸದಸ್ಯೆಯಾಗಿ ಸೇರಿಸಿಕೊಂಡಿದ್ದು ಅವರನ್ನೇ. ನೀನು ಚಾರ್ಟಿನಲ್ಲಿ ಬರೆಯುವ ಅಂಕಿ ಆ ಪರಂಪರೆಯದು. ಅದನ್ನು ಗುಮಾಸ್ತಿಕೆ ಅಂದುಕೊಳ್ಳಬೇಡ.

ಸೀನಿಯರ್‌ಗಳು ಸಿಡುಕುತ್ತಾರೆ ಎಂದೆಯಂತೆ. ನಿಜ. ಕೆಲವರು ತಾವು ಪಟ್ಟ ಪಾಡನ್ನೇ ನಿಮಗೂ ಉಣಿಸುತ್ತಾರೆ, ನಾನದನ್ನು ಸರಿ ಅನ್ನುವುದಿಲ್ಲ. ಆದರೂ ಕೇಳುವುದನ್ನು ನಿಲ್ಲಿಸಬೇಡ. "ಸಿಸ್ಟರ್, ಇದನ್ನ ನಾನು ಮಾಡಿಲ್ಲ, ಒಂದ್ಸಲ ಜೊತೇಲಿ ನಿಂತ್ಕೊಳ್ಳಿ" ಅನ್ನು. ಬೈಗುಳ ಹತ್ತು ನಿಮಿಷಕ್ಕೆ ಮರೆಯುತ್ತದೆ, ತಪ್ಪಿದ ಡೋಸು ಹಾಗೆ ಮರೆಯುವುದಿಲ್ಲ. ಇನ್ಸುಲಿನ್ ವಿಷಯದಲ್ಲಂತೂ ಎರಡೆರಡು ಸಲ ಕೇಳು. ನಮ್ಮಲ್ಲಿ ಅದು ಎರಡು ಬಗೆಯ ವಯಲ್‌ಗಳಲ್ಲಿ ಸಿಗುತ್ತದೆ: ಮಿ.ಲೀ.ಗೆ 40 ಯೂನಿಟ್‌ನದು, ಮಿ.ಲೀ.ಗೆ 100 ಯೂನಿಟ್‌ನದು. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜು, ಎರಡನೆಯದಕ್ಕೆ ಕಿತ್ತಳೆ ಮುಚ್ಚಳದ್ದು. ಆತುರದಲ್ಲಿ 100ರ ವಯಲಿನಿಂದ ಕೆಂಪು ಸಿರಿಂಜಿಗೆ 10ರ ಗೆರೆವರೆಗೆ ಎಳೆದರೆ ರೋಗಿಯ ಮೈಗೆ ಹೋಗುವುದು 10 ಅಲ್ಲ, 25 ಯೂನಿಟ್. ಸಕ್ಕರೆ ಕುಸಿದು ಪ್ರಜ್ಞೆ ತಪ್ಪಲು ಅಷ್ಟು ಸಾಕು. ತಿರುಗಾಮುರುಗಾ ಆದರೆ 10ರ ಬದಲು ಬರೀ 4 ಯೂನಿಟ್. ವಯಲಿನ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ, ಎರಡನ್ನೂ ಪಕ್ಕದವಳಿಗೆ ಕೇಳುವಂತೆ ಗಟ್ಟಿಯಾಗಿ ಓದು. ಪೊಟ್ಯಾಷಿಯಂ ಕ್ಲೋರೈಡ್ ಆಂಪ್ಯೂಲನ್ನಂತೂ ಯಾರೇ ಹೇಳಲಿ, ಎಂಥದೇ ಅವಸರವಿರಲಿ, ನೇರವಾಗಿ ರಕ್ತನಾಳಕ್ಕೆ ಪುಶ್ ಮಾಡಬೇಡ. ಹೃದಯ ನಿಲ್ಲುತ್ತದೆ.

ಸೂಜಿ ಚುಚ್ಚಿಕೊಂಡರೆ ಮುಚ್ಚಿಡಬೇಡ. ಹೊಸಬರು ಬೈತಾರೆಂದು ಬೆರಳನ್ನು ತೊಳೆದು ಸುಮ್ಮನಾಗುತ್ತಾರೆ. ಎಚ್.ಐ.ವಿ. ತಡೆಯುವ ಮಾತ್ರೆಯನ್ನು ಆದಷ್ಟು ಬೇಗ, ಎರಡು ಗಂಟೆಯೊಳಗೆ ಶುರುಮಾಡುವುದು ಒಳ್ಳೆಯದು. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಲೇಬೇಡ, ಎಷ್ಟೋ ಚುಚ್ಚುಗಳು ಆಗುವುದು ಅಲ್ಲೇ.

ಇನ್ನು ಸಂಬಳದ ಮಾತು. ಸೇವೆ, ತ್ಯಾಗ, ದೇವತೆ ಎಂದೆಲ್ಲ ಹೊಗಳಿ ಕಡಿಮೆ ಸಂಬಳಕ್ಕೆ ದುಡಿಸಿಕೊಳ್ಳುವುದನ್ನು ನಾನು ಬಹಳ ಕಂಡಿದ್ದೇನೆ, ಇವತ್ತಿಗೂ ಸಿಟ್ಟು ಬರುತ್ತದೆ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸ್ಥಿತಿ ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಹೇಳಿತು. ಆ ಸಮಿತಿಯ ಶಿಫಾರಸು ಏನೆಂದು ನೀನು ಬಾಯಿಪಾಠ ಮಾಡಿಕೊಳ್ಳಬೇಕು: 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆ ರಾಜ್ಯ ಸರ್ಕಾರದ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕು, 50 ಹಾಸಿಗೆಗಿಂತ ಸಣ್ಣ ಆಸ್ಪತ್ರೆಯಲ್ಲೂ 20,000 ರೂಪಾಯಿಗೆ ಕಡಿಮೆ ಇರಬಾರದು. ಎಷ್ಟೋ ಕಡೆ ಇದು ಕಾಗದದಲ್ಲೇ ಉಳಿದಿದೆ. ಕೇಳುವವರಿಲ್ಲದಿದ್ದರೆ ಇನ್ನೂ ಅಲ್ಲೇ ಉಳಿಯುತ್ತದೆ. ಒಬ್ಬಳೇ ಹೋಗಿ ಕೇಳಬೇಡ, ನಾಲ್ಕು ಜನ ಸೇರಿ ಬರಹದಲ್ಲಿ ಕೇಳಿ. ಅಸಲು ಮಾರ್ಕ್ಸ್‌ಕಾರ್ಡುಗಳನ್ನು "ನಮ್ಮಲ್ಲಿರಲಿ" ಅಂತ ಇಟ್ಟುಕೊಳ್ಳುವ ಚಾಳಿ ಕೆಲವು ಕಡೆ ಇನ್ನೂ ಇದೆ. ತೋರಿಸು, ಜೆರಾಕ್ಸ್ ಕೊಡು, ಅಸಲನ್ನು ಮನೆಗೆ ತಗೊಂಡು ಬಾ. ಬಾಂಡ್ ಎಂದು ಮುಂದಿಟ್ಟ ಕಾಗದಕ್ಕೆ ಓದದೆ ಸಹಿ ಹಾಕಬೇಡ.

ನಿನಗೆ ಧೈರ್ಯ ಮಾಡು, ಹೇಳು, ಕೇಳು ಎಂದು ಬರೆಯುತ್ತಲೇ ನನ್ನ ಎದೆಯಲ್ಲಿ ಒಂದು ಹೆಸರು ಚುಚ್ಚುತ್ತಿದೆ: ಅರುಣಾ ಶಾನಭಾಗ. ನಮ್ಮ ಉತ್ತರ ಕನ್ನಡದ ಹಳದೀಪುರದ ಹುಡುಗಿ. ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ತಪ್ಪು ಮಾಡಿದ ವಾರ್ಡ್ ನೌಕರನನ್ನು ಗದರಿಸಿದ್ದಳು. 1973ರ ನವೆಂಬರ್ 27ರ ಸಂಜೆ, ಡ್ಯೂಟಿ ಮುಗಿಸಿ ಬಟ್ಟೆ ಬದಲಿಸಲು ನೆಲಮಾಳಿಗೆಗೆ ಹೋದಾಗ ಅವನು ನಾಯಿಯ ಸರಪಳಿಯಿಂದ ಅವಳ ಕುತ್ತಿಗೆ ಬಿಗಿದು ಅತ್ಯಾಚಾರ ಎಸಗಿದ. ಮೆದುಳಿಗೆ ಆಮ್ಲಜನಕ ಹೋಗದೆ ಅವಳು ಮತ್ತೆ ಮೊದಲಿನಂತಾಗಲೇ ಇಲ್ಲ. 2015ರ ಮೇ 18ರಂದು ಅದೇ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅಷ್ಟೂ ವರ್ಷ ಅವಳನ್ನು ತಿರುಗಿಸಿ ಮಲಗಿಸಿ, ಮೈ ಒರೆಸಿ, ಉಣಿಸಿದವರು ಕೆ.ಇ.ಎಂ.ನ ನರ್ಸ್‌ಗಳು. ಒಂದು ಬ್ಯಾಚು ನಿವೃತ್ತಿಯಾದರೆ ಇನ್ನೊಂದು ಬ್ಯಾಚು. ಅವಳ ಮೈಯಲ್ಲಿ ಒಂದೇ ಒಂದು ಬೆಡ್‌ಸೋರ್ ಆಗಿಲ್ಲವೆಂಬುದು ಸುಪ್ರೀಂ ಕೋರ್ಟಿನ 2011ರ ತೀರ್ಪಿನಲ್ಲೇ ದಾಖಲಾಗಿದೆ. ಹಾಸಿಗೆ ಹಿಡಿದ ರೋಗಿಯ ಬೆನ್ನು ನೋಡಿಕೊಳ್ಳುವುದು ಎಂಥ ಕೆಲಸ ಅಂತ ನಿನಗೀಗ ಗೊತ್ತು, ಆ ದಾಖಲೆಯ ತೂಕವೂ ಗೊತ್ತಾಗುತ್ತದೆ.

ಅರುಣಾ ಮಾತಾಡಿದ್ದು ತಪ್ಪಲ್ಲ. ಅವಳ ಬೆನ್ನಿಗೆ ವ್ಯವಸ್ಥೆ ಇರಲಿಲ್ಲ. ಬಟ್ಟೆ ಬದಲಿಸುವ ಕೋಣೆಗೆ ಚಿಲಕ ಇದೆಯೇ, ರಾತ್ರಿ ಲ್ಯಾಬಿಗೆ ಹೋಗುವ ದಾರಿಯಲ್ಲಿ ಲೈಟು, ಕ್ಯಾಮೆರಾ ಇದೆಯೇ ಅಂತ ಈ ವಾರವೇ ನೋಡು. ಇಲ್ಲದಿದ್ದರೆ ಬರೆದುಕೊಡು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಎಲ್ಲ ಕಡೆಯೂ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು, ಅದು 2013ರ ಕಾನೂನು. ಸಮಿತಿಯಲ್ಲಿ ಯಾರಿದ್ದಾರೆ ಅಂತ ತಿಳಿದುಕೋ. ರೋಗಿಯ ಕಡೆಯವರು ಕೈ ಎತ್ತಿದರೆ ಸಹಿಸಬೇಕಿಲ್ಲ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದ ಪ್ರತ್ಯೇಕ ಕಾಯ್ದೆ ಇದೆ, ನರ್ಸ್‌ಗಳೂ ಅದರೊಳಗೆ ಬರುತ್ತಾರೆ.

ನೈಟ್ ಡ್ಯೂಟಿ ಮಾಡುವ ಹುಡುಗಿಗೆ ಸಂಬಂಧ ಬರುವುದಿಲ್ಲ ಎಂದು ನಿನ್ನ ಅಜ್ಜಿ ಅನ್ನುತ್ತಾಳಂತೆ. ಅವಳಿಗೆ ನಾನು ಹೇಳಿಕೊಳ್ಳುತ್ತೇನೆ.

ಬೆಳೆಯುವ ದಾರಿಗಳು ನಮ್ಮ ಕಾಲಕ್ಕಿಂತ ಈಗ ಹೆಚ್ಚಿವೆ. ಜಿ.ಎನ್.ಎಂ. ಆದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು. ಮನೋರೋಗಿಗಳ ಆರೈಕೆಯಲ್ಲಿ ಮನಸ್ಸಿದ್ದರೆ ನಿಮ್ಹಾನ್ಸ್ ಇದೆ. ಐ.ಸಿ.ಯು. ಹಿಡಿಸಿದರೆ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟಿಷನರ್ ಕೋರ್ಸ್ ಇದೆ. ಏಮ್ಸ್‌ನ ನಾರ್ಸೆಟ್ ಪರೀಕ್ಷೆಗೆ ನಮ್ಮ ಹುಡುಗಿಯರು ಕೂರುವುದು ಕಡಿಮೆ, ನೀನು ಕೂರು. ಆದರೆ ಮೊದಲ ಎರಡು ವರ್ಷ ಎರಡು ಸಾವಿರ ಹೆಚ್ಚಿಗೆ ಕೊಡುವ ಕಡೆಗಿಂತ, ಕಲಿಸುವ ಇನ್‌ಚಾರ್ಜ್ ಇರುವ ಕಡೆ ಇರು ಎಂಬುದು ನನ್ನ ಸಲಹೆ. ಆ ವಾರ್ಡಿನಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಬರುತ್ತದೆಯೇ ಎಂದು ಎರಡು ವಾರದಲ್ಲಿ ಗೊತ್ತಾಗುತ್ತದೆ. ಬರುವುದೇ ಇಲ್ಲ ಎಂದಾದರೆ ಆ ಆಸ್ಪತ್ರೆ ಬಿಡು, ಕೆಲಸವನ್ನಲ್ಲ.

ಹೊರದೇಶಕ್ಕೆ ಹೋಗುವ ಆಸೆಯೂ ನಿನಗಿದೆ ಎಂದು ಬಲ್ಲೆ. ಹೋಗು, ನಾನು ತಡೆಯುವವಳಲ್ಲ. ಜರ್ಮನಿಗಾದರೆ ಈಗಿನಿಂದಲೇ ಭಾಷೆ ಕಲಿ, ಬಿ-1, ಬಿ-2 ಮಟ್ಟ ಒಂದೆರಡು ತಿಂಗಳಿಗೆ ಬರುವುದಲ್ಲ. ಬ್ರಿಟನ್ನಿಗೆ ಒ.ಇ.ಟಿ. ಅಥವಾ ಐಇಎಲ್‌ಟಿಎಸ್ ಬರೆದು, ಅಲ್ಲಿನ ನರ್ಸಿಂಗ್ ಕೌನ್ಸಿಲಿನ ಪರೀಕ್ಷೆಗಳನ್ನೂ ದಾಟಬೇಕು. ಏಜೆಂಟ್ ಲಕ್ಷಗಟ್ಟಲೆ ಕೇಳಿದರೆ ಎದ್ದು ಬಾ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್‌.ಟಿ., ಅಷ್ಟೇ. ಇ-ಮೈಗ್ರೇಟ್ ಪೋರ್ಟಲಿನಲ್ಲಿ ಅವರ ಹೆಸರಿದೆಯೇ ಎಂದು ನೀನೇ ನೋಡು. ನಿಮ್ಮಪ್ಪ ತೋಟ ಅಡವಿಟ್ಟು ಕಳಿಸುವುದು ಬೇಡ.

ಹೆಪಟೈಟಿಸ್ ಬಿ ಲಸಿಕೆಯ ಮೂರನೇ ಡೋಸ್ ಆಗಿದೆಯೇ? ಆಗದಿದ್ದರೆ ಈ ವಾರವೇ ಹಾಕಿಸು, ಒಂದೆರಡು ತಿಂಗಳು ಬಿಟ್ಟು ಟೈಟರ್ ನೋಡಿಸು. ಮುಂದಿನ ತಿಂಗಳ ಡ್ಯೂಟಿ ಚಾರ್ಟ್ ಬಂದ ಕೂಡಲೇ ನೈಟ್ ಆಫ್ ಯಾವಾಗ ಅಂತ ತಿಳಿಸು, ಇಲ್ಲಿಗೆ ಬಂದುಬಿಡು. ಅಪಾಯಿಂಟ್‌ಮೆಂಟ್ ಆರ್ಡರನ್ನೂ ಆ ಬಾಂಡ್ ಕಾಗದವನ್ನೂ ಮರೆಯದೆ ತಾ, ಒಂದೊಂದೇ ಸಾಲು ಕೂತು ಓದೋಣ.

ನಿನ್ನ,
ಚಿಕ್ಕಮ್ಮ