ಪೇಟೆಯಲ್ಲಿ ಸೈಕಲ್ಲಿಗೆ ಜಾಗ ಎಲ್ಲಿದೆ?



ಸೈಕಲ್ ಎಂದರೆ ನಮಗೆ ಹೊಸದಲ್ಲ. ಡೇರಿಗೆ ಹಾಲು ಹಾಕಲು, ಗದ್ದೆಗೆ ಬುತ್ತಿ ಒಯ್ಯಲು, ಬನ್ನೂರಿಗೆ ಹೋಗಿ ಬರಲು ಸೈಕಲ್ಲೇ ಬೇಕು. ಅದಕ್ಕೆ ಪೆಟ್ರೋಲ್ ಬೇಡ, ಲೈಸೆನ್ಸ್ ಬೇಡ, ಹೊಗೆ ಬಿಡುವುದಿಲ್ಲ. ಆದರೆ ನಮ್ಮೂರಿಂದ ಸುಮಾರು 35 ಕಿ.ಮೀ. ದೂರದ ಮೈಸೂರಿಗೆ ಹೋದವರು ಸೈಕಲ್ ಬಿಟ್ಟುಬಿಡುತ್ತಾರೆ. ನಮ್ಮ ಸೋದರತ್ತೆ ಮಗಳು ಹೈಸ್ಕೂಲಿಗೆ ಮೂರು ವರ್ಷ ಸೈಕಲ್ ತುಳಿದವಳು. ಈಗ ಮೈಸೂರಲ್ಲಿ ಎರಡು ಕಿ.ಮೀ. ದೂರದ ಕಾಲೇಜಿಗೆ ದಿನಾ ಆಟೋಗೆ ದುಡ್ಡು ಕೊಡುತ್ತಾಳೆ. ಯಾಕಕ್ಕಾ ಎಂದು ಕೇಳಿದ್ದಕ್ಕೆ, "ಬಸ್ಸು ಕಾರು ಮೈಮೇಲೇ ಬತ್ತವೆ ಕಣೋ" ಅಂದಳು. ಆದ್ದರಿಂದ ಈ ವಿಷಯದ ಬಗ್ಗೆ ಬರೆಯುತ್ತಿದ್ದೇನೆ.

ಸೈಕಲ್ ಕೊಟ್ಟರೆ ಜನ ತುಳಿಯುತ್ತಾರೆ ಎಂದು ಕೆಲವರು ತಿಳಿದಿದ್ದಾರೆ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಮೊದಲು ಹುಡುಗಿಯರಿಗೆ, ಆಮೇಲೆ ಹುಡುಗರಿಗೂ ಸಿಕ್ಕಿತು. ಕೊರೋನಾ ಬಂದ ವರ್ಷ ಅದು ನಿಂತಿತು. ಮೈಸೂರಿನಲ್ಲಿ 2017ರ ಜೂನ್ ತಿಂಗಳಲ್ಲಿ 'ಟ್ರಿಣ್ ಟ್ರಿಣ್' ಎಂಬ ಬಾಡಿಗೆ ಸೈಕಲ್ ಯೋಜನೆ ಪ್ರಾರಂಭವಾಯಿತು. ಆಗ ಅದರಲ್ಲಿ 450 ಸೈಕಲ್ ಇದ್ದವು. ಒಂದು ನಿಲ್ದಾಣದಲ್ಲಿ ಕಾರ್ಡ್ ತೋರಿಸಿ ತೆಗೆದುಕೊಂಡು ಇನ್ನೊಂದು ನಿಲ್ದಾಣದಲ್ಲಿ ಬಿಡಬಹುದಿತ್ತು. ಎಂಥ ಒಳ್ಳೇ ಉಪಾಯ! ಮೈಸೂರು ಅದಕ್ಕೆ ಹೇಳಿ ಮಾಡಿಸಿದ ಊರು. ಚಾಮುಂಡಿ ಬೆಟ್ಟ ಬಿಟ್ಟರೆ ದೊಡ್ಡ ಏರು ಕಡಿಮೆ, ರಸ್ತೆ ಬದಿ ಮರಗಳಿವೆ, ಅರಮನೆಯಿಂದ ರೈಲ್ವೆ ಸ್ಟೇಷನ್ನಿಗೆ ಹೆಚ್ಚು ಕಡಿಮೆ 2 ಕಿ.ಮೀ. ಅಷ್ಟೆ. ಆದರೆ ಸೈಕಲ್ ಸಿಕ್ಕಿತು ಅಂತ ರಸ್ತೆ ಬದಲಾಗುತ್ತದೆಯೇ? ನಿಲ್ದಾಣದಿಂದ ಹೊರಗೆ ಬಂದ ಕೂಡಲೇ ಅದೇ ಕಾರು, ಅದೇ ಬಸ್ಸಿನ ನಡುವೆ ನುಗ್ಗಬೇಕು. ನಮ್ಮಕ್ಕನ ಭಯ ಇರುವುದು ಅಲ್ಲೇ.

ಹಾಗಾದರೆ ಸೈಕಲ್ಲಿಗೆ ಬೇರೆ ದಾರಿ ಮಾಡಿದರೆ ಸಾಕಲ್ಲ ಎಂದು ನೀವು ಕೇಳಬಹುದು. ಬೆಂಗಳೂರಿನ ಜಯನಗರದಲ್ಲಿ 2012ರಲ್ಲಿ ಸೈಕಲ್ ಪಥ ಮಾಡಿದರು. ಅದರ ಮೇಲೆ ಜನ ಕಾರು ನಿಲ್ಲಿಸಿದರು! 2020ರಲ್ಲಿ ಅಲ್ಲಿನ ಹೊರವರ್ತುಲ ರಸ್ತೆಯಲ್ಲಿ ಗಿಡ್ಡ ಕಂಬ ನೆಟ್ಟು ಸೈಕಲ್ ಸವಾರರಿಗೆ ಪ್ರತ್ಯೇಕ ಜಾಗ ಕೊಟ್ಟರು. ಮೆಟ್ರೋ ಕೆಲಸ ಬಂದಾಗ ಕಂಬ ಕಿತ್ತರು. ಜಾಗ ಕಮ್ಮಿ ಬಿದ್ದಾಗ ಮೊದಲು ಹೋಗುವುದು ಸೈಕಲ್ಲಿನ ಜಾಗವೇ.

ಈಗ ಒಂದು ಲೆಕ್ಕ. ಒಂದು ಕಾರು ನಿಲ್ಲಲು, ಬಾಗಿಲು ತೆಗೆಯುವ ಜಾಗವೂ ಸೇರಿ, 5 ಮೀಟರ್ ಉದ್ದ ಎರಡೂವರೆ ಮೀಟರ್ ಅಗಲ ಬೇಕು ಅನ್ನೋಣ. ವಿಸ್ತೀರ್ಣ 12.5 ಚದರ ಮೀಟರ್. ಸೈಕಲ್ಲಿಗೆ 2 ಮೀಟರ್ ಉದ್ದ, 60 ಸೆಂ.ಮೀ. ಅಗಲ ಸಾಕು, ಅಂದರೆ 1.2 ಚದರ ಮೀಟರ್. ಭಾಗಿಸಿ ನೋಡಿ. ಒಂದು ಕಾರಿನ ಜಾಗದಲ್ಲಿ ಹತ್ತು ಸೈಕಲ್! ಆ ಕಾರಿನಲ್ಲಿ ಬಹಳ ಸಲ ಒಬ್ಬರೇ ಕೂತಿರುತ್ತಾರೆ. ರಸ್ತೆ ಕಿರಿದು, ಸೈಕಲ್ಲಿಗೆ ಜಾಗವಿಲ್ಲ ಎಂದು ಹೇಳುವವರಿಗೆ ಈ ಲೆಕ್ಕ ಕೊಡಬೇಕು.

ಎರಡನೆಯದು ವೇಗ. ಗಾಡಿಯ ವೇಗ ಎರಡು ಪಟ್ಟಾದರೆ ಅದರ ಚಲನ ಶಕ್ತಿ ನಾಲ್ಕು ಪಟ್ಟಾಗುತ್ತದೆ. 30ರಲ್ಲಿ ಬಂದು ಗುದ್ದುವ ಕಾರಿಗೂ 60ರಲ್ಲಿ ಬಂದು ಗುದ್ದುವ ಕಾರಿಗೂ ಅಷ್ಟು ವ್ಯತ್ಯಾಸ. ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್, ಸೈಕಲ್ ಬಿಡುವುದಿಲ್ಲ. ಅಲ್ಲಿ ವೇಗ ಬಹಳ, ಆದ್ದರಿಂದ ಅದು ಸರಿ ಇರಬಹುದು. ಆದರೆ ಊರೊಳಗಿನ ಬೀದಿಯಲ್ಲೂ ಹೆದ್ದಾರಿ ಥರ ಓಡಿಸಿದರೆ ಸೈಕಲ್ಲಿನವರು ಎಲ್ಲಿಗೆ ಹೋಗಬೇಕು?

ನೆದರ್ಲೆಂಡ್ಸ್ ದೇಶದಲ್ಲಿ ಜನಸಂಖ್ಯೆಗಿಂತ ಸೈಕಲ್ಲುಗಳೇ ಹೆಚ್ಚು. ಅವರು ಮೊದಲಿಂದ ಹಾಗೇ ಇದ್ದರು ಎಂದು ತಿಳಿಯಬೇಡಿ. ಅಲ್ಲೂ ಕಾರು ಹೆಚ್ಚಾಗಿ ಸೈಕಲ್ ಕಮ್ಮಿಯಾಗಿತ್ತು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ 400ಕ್ಕೂ ಹೆಚ್ಚು ಮಂದಿ ನಮ್ಮಂಥ ಮಕ್ಕಳು. ಆಗ ತಂದೆತಾಯಿಗಳು 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ಚಳವಳಿ ಮಾಡಿದರು. 1973ರಲ್ಲಿ ಪೆಟ್ರೋಲ್ ಅಭಾವ ಬಂದು ಕೆಲವು ಭಾನುವಾರ ಕಾರು ಓಡಿಸುವುದನ್ನೇ ನಿಷೇಧಿಸಿದರು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸೈಕಲ್ಲಿಗೆ ಬೇರೆ ದಾರಿ ಕಟ್ಟಿದರು, ಮನೆಗಳಿರುವ ಬೀದಿಗಳಲ್ಲಿ ಗಂಟೆಗೆ 30 ಕಿ.ಮೀ. ಮಿತಿ ಹಾಕಿದರು. ಅಲ್ಲಿ ಮಂತ್ರಿಗಳೂ ಸೈಕಲ್ ತುಳಿಯುತ್ತಾರೆ. ನಮ್ಮಲ್ಲಿ ಸೈಕಲ್ ಅಂದರೆ ಬಡವರ ಗಾಡಿ ಎಂದು ನಗುತ್ತಾರೆ. ಬೆಳಿಗ್ಗೆ ಐದಕ್ಕೆ ಮೈಸೂರಲ್ಲಿ ಪೇಪರ್ ಹಾಕುವ ಹುಡುಗ ಬಡವನೇ ಇರಬಹುದು, ಅವನ ಜೀವ ಅಗ್ಗವೇ?

ಇದು ಪೇಟೆಯ ವಿಷಯ, ನಮಗೇಕೆ ಎನ್ನಬೇಡಿ. ನಮ್ಮ ಕೇಶವ ದೇವಾಲಯ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನೋಡಲು ಬರುವವರು ಹೆಚ್ಚಿನವರು ಕಾರಲ್ಲೇ ಬರುತ್ತಾರೆ. ಪೇಟೆಯ ವೇಗವೂ ಜೊತೆಗೇ ಬರುತ್ತದೆ. ಮುಂದಿನ ವರ್ಷ ನಾವು ಎಂಟನೇ ತರಗತಿಗೆ ಇದೇ ರಸ್ತೆಯಲ್ಲಿ ಸೈಕಲ್ ತುಳಿಯಬೇಕು.

ಆದ್ದರಿಂದ ಬರುವ ಸೋಮವಾರ ಬೆಳಿಗ್ಗೆ 8ರಿಂದ 9ರವರೆಗೆ ಶಾಲೆಯ ಮುಂದೆ ನಿಂತು ಎಷ್ಟು ಸೈಕಲ್, ಎಷ್ಟು ಕಾರು, ಎಷ್ಟು ಬೈಕು ಹೋಗುತ್ತವೆ ಎಂದು ಎಣಿಸೋಣ ಅಂತಿದ್ದೇನೆ. ಮೇಷ್ಟ್ರು ಒಪ್ಪಿದ್ದಾರೆ. ಆ ಲೆಕ್ಕವನ್ನು ಮುಂದಿನ ಗೋಡೆ ಪತ್ರಿಕೆಯಲ್ಲಿ ಹಾಕಿ, ಒಂದು ಪ್ರತಿ ಪಂಚಾಯ್ತಿಗೂ ಕೊಟ್ಟು, ಶಾಲೆ ಮುಂದೆ ರಸ್ತೆ ಉಬ್ಬು ಕೇಳುತ್ತೇವೆ. ಎಣಿಸಲು ನಾಲ್ಕು ಜನ ಬೇಕು. ಕೆಳಗಿನ ಖಾಲಿ ಜಾಗದಲ್ಲಿ ಪೆನ್ಸಿಲ್ಲಿನಿಂದ ಹೆಸರು ಬರೆಯಿರಿ.